ಹೂವನ್ನೂ ನೋಡಿ, ವಚನವನ್ನೂ ಓದಿ: ಚರ್ಚ್‌ನಲ್ಲಿ ಸೃಷ್ಟಿಯ ಫೋಟೋ ಪ್ರದರ್ಶನ ಇಡುವವರಿಗೆ

ಆಗಸ್ಟ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ: "ಸೆಪ್ಟೆಂಬರ್‌ನಲ್ಲಿ ನಮ್ಮ ಚರ್ಚ್ ಹಾಲಿನಲ್ಲಿ ಪ್ರಕೃತಿಯ ಫೋಟೋಗಳನ್ನು ವಚನಗಳ ಜೊತೆ ಹಾಕಬೇಕೆಂದಿದ್ದೇವೆ. ಎಂಥ ಕ್ಯಾಮೆರಾ ಬೇಕು? ಎಲ್ಲಿಗೆ ಹೋಗಬೇಕು? ಯಾವ ವಚನ ಹಾಕಬೇಕು?" ಮೂರನೆಯ ಪ್ರಶ್ನೆಯನ್ನು ಮೊದಲು ಬಿಡಿಸಿಕೊಂಡರೆ ಉಳಿದೆರಡು ಸಲೀಸು. (ವಚನವೆಂದರೆ ಇಲ್ಲಿ ಬೈಬಲ್ಲಿನದು, ಶರಣರದ್ದಲ್ಲ.)

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಹಲವು ಸಭೆಗಳು ‘ಸೃಷ್ಟಿಯ ಕಾಲ’ ಎಂದು ಆಚರಿಸುತ್ತವೆ. ಸೆಪ್ಟೆಂಬರ್ 1 ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಎಂದು 1989ರಲ್ಲಿ ಗೊತ್ತುಮಾಡಿದವರು ಆರ್ಥಡಾಕ್ಸ್ ಸಭೆಯ ಪೇಟ್ರಿಯಾರ್ಕ್ (ಮುಖ್ಯ ಧರ್ಮಗುರು) ಮೊದಲನೇ ದಿಮಿತ್ರಿಯೋಸ್. 2015ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕಥೋಲಿಕ ಸಭೆಗೂ ತಂದರು. ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ನಮ್ಮ ಕರಾವಳಿಯಲ್ಲಿ ಇದರ ನಡುವೆಯೇ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ಬರುತ್ತದೆ: ಮಕ್ಕಳು ಬುಟ್ಟಿಯಲ್ಲಿ ಹೂ ತರುತ್ತಾರೆ, ಹೊಸ ತೆನೆಗೆ ಆಶೀರ್ವಾದವಾಗುತ್ತದೆ. ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗಲಿಕ್ಕಿಲ್ಲ.

ಒಂದೇ ತೊಡಕು, ಅದು ಮಳೆಗಾಲ. ಹಕ್ಕಿ, ನಕ್ಷತ್ರ, ಸಮುದ್ರದ ಚಿತ್ರಗಳು ಬೇಕಿದ್ದರೆ ಹಿಂದಿನ ನವೆಂಬರ್‌ನಿಂದಲೇ ಶುರು ಮಾಡಬೇಕು. ಆಗಸ್ಟ್ 20ಕ್ಕೆ ಎಚ್ಚರವಾದವರಿಗೆ ಹೂವು, ಹುಲ್ಲು, ಬೀಜ ಮಾತ್ರ ಸಿಗುತ್ತವೆ. ಅವೂ ಸಾಕು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಸ್ವಿಟ್ಜರ್ಲೆಂಡಿನ ಬೆಟ್ಟಕ್ಕಿಂತ ನಿಮ್ಮ ಹಿತ್ತಲಿನ ಗರಿಕೆ ಎಷ್ಟೋ ಮೇಲು.

ಏನೇನು ಬೇಕು

ಹನ್ನೆರಡು ಚಿತ್ರಗಳ ಗುರಿ ಇಟ್ಟುಕೊಳ್ಳಿ. ಹನ್ನೆರಡಾದರೆ ಮುಂದಿನ ವರ್ಷದ ಕ್ಯಾಲೆಂಡರ್‌ಗೂ ಆಗುತ್ತದೆ. ಹಂಚಿಕೆ ಹೀಗಿರಲಿ: ಹೂವು–ಹುಲ್ಲು ಮೂರು, ಹಕ್ಕಿ ಮೂರು, ನೀರು ಮತ್ತು ಬಂಡೆ ಎರಡು, ಆಕಾಶ ಒಂದು, ಬೀಜ ಒಂದು, ನೋವಿನ ಚಿತ್ರ ಎರಡು. ನೋವಿನ ಚಿತ್ರ ಎಂದರೇನೆಂದು ಮುಂದೆ ಹೇಳುತ್ತೇವೆ.

ಮೂರು–ನಾಲ್ಕು ವರ್ಷದೊಳಗಿನ ಸಾಧಾರಣ ಮೊಬೈಲ್ ಸಾಕು, ಹಕ್ಕಿಗಳನ್ನು ಬಿಟ್ಟು. ಹಕ್ಕಿಗೆ ಕನಿಷ್ಠ 300 ಮಿಲಿಮೀಟರ್ ಲೆನ್ಸ್ ಬೇಕು; ಕೊಳ್ಳುವುದು ಬೇಡ, ಸಭೆಯಲ್ಲಿ ಯಾರಲ್ಲಾದರೂ ಇರುತ್ತದೆ ಅಥವಾ ಪಟ್ಟಣದಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಇನ್ನು ಒಂದು ಟ್ರೈಪಾಡ್, ಲೆನ್ಸ್ ಒರೆಸುವ ಮೆತ್ತನೆ ಬಟ್ಟೆ, ಒಂದು ನೋಟ್‌ಬುಕ್, ನಿಮ್ಮ ಸಭೆಯಲ್ಲಿ ಓದುವ ಬೈಬಲ್. ಕರಾವಳಿಯವರಿಗೂ ಮಲೆನಾಡಿನವರಿಗೂ ಇನ್ನೊಂದು ಅಗತ್ಯ: ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಮತ್ತು ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು. ಒಳಗಿನ ತೇವಾಂಶ ಶೇ 40ರಿಂದ 50ರ ನಡುವೆ ಇರಬೇಕು. ಲೆನ್ಸನ್ನು ಜೂನ್‌ನಲ್ಲಿ ಬೀರುವಿನಲ್ಲಿಟ್ಟು ಸೆಪ್ಟೆಂಬರ್‌ನಲ್ಲಿ ತೆಗೆದರೆ ಗಾಜಿನೊಳಗೆ ಜೇಡರ ಬಲೆಯಂಥ ಬೂಸ್ಟು ಕಾಣುತ್ತದೆ. ಒಳಗೆ ಹಿಡಿದ ಬೂಸ್ಟನ್ನು ಒರೆಸಿ ತೆಗೆಯಲಾಗದು.

1. ಮೊದಲು ವಚನ, ಅದೂ ಇಡೀ ಅಧ್ಯಾಯ

ಬಹಳಷ್ಟು ಜನ ಮೊದಲು ಫೋಟೋ ತೆಗೆದು, ಆಮೇಲೆ ಅದಕ್ಕೊಂದು ವಚನ ಹುಡುಕುತ್ತಾರೆ. ಬೆಟ್ಟ ಇದ್ದರೆ ‘ಬೆಟ್ಟ’ ಎಂಬ ಪದವಿರುವ ಸಾಲು, ನೀರು ಇದ್ದರೆ ‘ನೀರು’ ಇರುವ ಸಾಲು. ಎಡವಟ್ಟು ಆಗುವುದು ಇಲ್ಲೇ.

ಕೀರ್ತನೆ 121ನ್ನೇ ನೋಡಿ. ಬೆಟ್ಟಗಳ ಕಡೆಗೆ ಕಣ್ಣೆತ್ತುತ್ತೇನೆ ಎಂಬ ಮೊದಲ ಸಾಲನ್ನು ಮಾತ್ರ ಪಶ್ಚಿಮ ಘಟ್ಟದ ಚಿತ್ರದ ಕೆಳಗೆ ಹಾಕುತ್ತಾರೆ. ಆದರೆ ಆ ಸಾಲಿನ ಬೆನ್ನಿಗೇ ಒಂದು ಪ್ರಶ್ನೆ ಇದೆ: ನನಗೆ ಸಹಾಯ ಎಲ್ಲಿಂದ ಬರುತ್ತದೆ? ಉತ್ತರ ಬೆಟ್ಟದಿಂದ ಎಂದಲ್ಲ, ಭೂಮಿ ಆಕಾಶಗಳನ್ನು ಉಂಟುಮಾಡಿದವನಿಂದ ಎಂದು. ಎರಡನೆಯ ವಚನ ಬಿಟ್ಟರೆ ಅರ್ಥ ತಲೆಕೆಳಗು.

ಕೀರ್ತನೆ 46ರ 10ನೇ ವಚನದ್ದೂ ಅದೇ ಕಥೆ. ಸುಮ್ಮನಿರಿ, ನಾನೇ ದೇವರೆಂದು ತಿಳಿಯಿರಿ ಎಂಬುದನ್ನು ನಿಶ್ಚಲ ಕೆರೆಯ ಚಿತ್ರಕ್ಕೆ ಅಂಟಿಸುವುದು ವಾಡಿಕೆ. ಅದರ ಹಿಂದಿನ ವಚನದಲ್ಲಿ ಬಿಲ್ಲು ಮುರಿಯುತ್ತದೆ, ಭರ್ಜಿ ತುಂಡಾಗುತ್ತದೆ. ಯುದ್ಧ ನಿಲ್ಲಿಸಿ ಎಂಬ ಗದರಿಕೆ ಅದು. ಬೆಳಗಿನ ಕೆರೆಗಿಂತ, ಬಿರುಗಾಳಿ ಕಳೆದ ಮೇಲೆ ಮುರಿದು ಬಿದ್ದ ಕೊಂಬೆಗಳ ನಡುವಿನ ಮೌನವೇ ಅದಕ್ಕೆ ಹೆಚ್ಚು ಹತ್ತಿರ.

ದೇವರನ್ನು ನಿರೀಕ್ಷಿಸುವವರು ಹದ್ದಿನಂತೆ ರೆಕ್ಕೆ ಚಾಚಿ ಏರುವರು ಎಂಬ ಯೆಶಾಯ 40ರ 31ಕ್ಕೆ ಅಮೆರಿಕದ ಬಿಳಿತಲೆಯ ಹದ್ದನ್ನು ಹಾಕಿದ ಪೋಸ್ಟರ್‌ಗಳನ್ನು ನೀವೂ ನೋಡಿರುತ್ತೀರಿ. ಆ ಹಕ್ಕಿ ಪ್ಯಾಲೆಸ್ಟೈನಿನಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಹೀಬ್ರೂವಿನ ‘ನೆಶೆರ್’ ಎಂಬ ಪದ ಹದ್ದಿಗೂ ಸಲ್ಲುತ್ತದೆ, ರಣಹದ್ದಿಗೂ ಸಲ್ಲುತ್ತದೆ. ಮೀಕ 1ರ 16ರಲ್ಲಿ ಬೋಳುತಲೆಯ ಪ್ರಸ್ತಾಪ ಇರುವುದರಿಂದ ಅಲ್ಲಿಯದು ರಣಹದ್ದೇ. ಆದ್ದರಿಂದ ಮಲ್ಪೆ ಬಂದರಿನ ಮೇಲೆ ಸುತ್ತುವ ಗರುಡವನ್ನು ತೆಗೆದರೆ ತಪ್ಪೇನಿಲ್ಲ, ಹೆಸರನ್ನು ಸರಿಯಾಗಿ ಬರೆದರಾಯಿತು.

ಕೆಲಸ ಹೀಗೆ ಮಾಡಿ. ನೋಟ್‌ಬುಕ್ಕಿನ ಒಂದು ಪುಟಕ್ಕೆ ಒಂದು ವಚನ. ಇಡೀ ಅಧ್ಯಾಯ ಓದಿ, ಆ ವಚನ ಏನು ಹೇಳುತ್ತಿದೆ ಎಂಬುದನ್ನು ನಿಮ್ಮ ಮಾತಿನಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಕೆಳಗೆ: ಇದಕ್ಕೆ ಯಾವ ಜೀವಿ, ಯಾವ ಜಾಗ, ಯಾವ ತಿಂಗಳು. ಶುರುವಿಗೆ ಇವು ಸಾಕು: ಕೀರ್ತನೆ 8, 19, 84, 104, 147, ಯೋಬ 38, ಯೆರೆಮೀಯ 8ರ 7, ಮತ್ತಾಯ 6ರ 26ರಿಂದ 30, ಯೋಹಾನ 12ರ 24, ರೋಮಾಪುರದವರಿಗೆ 8ರ 22. ಅರ್ಥದಲ್ಲಿ ಅನುಮಾನ ಬಂದರೆ ಈ ಹಂತದಲ್ಲೇ ಫಾದರ್‌ಗೋ ಪಾಸ್ಟರ್‌ಗೋ ತೋರಿಸಿ. ಪ್ರಿಂಟ್ ಆದ ಮೇಲೆ ತೋರಿಸಿದರೆ ಅವರು ಸೌಜನ್ಯಕ್ಕೆ "ಚೆನ್ನಾಗಿದೆ" ಅನ್ನುತ್ತಾರೆ, ಅಷ್ಟೆ.

2. ಜಾಗ, ಕಾಲ, ಅನುಮತಿ

ಕೀರ್ತನೆ 104ರಲ್ಲಿ ಕೊಕ್ಕರೆಗೆ ಮರವೇ ಮನೆ. ಅದನ್ನು ಕಣ್ಣಾರೆ ನೋಡಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಊರೊಳಗಿನ ಮರಗಳಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ; ಫೆಬ್ರುವರಿ, ಮಾರ್ಚ್ ಒಳ್ಳೆಯ ತಿಂಗಳು. ಮರಗಳು ಮನೆಯಂಗಳದಲ್ಲಿರುವುದರಿಂದ ಮನೆಯವರನ್ನು ಕೇಳಿ ಒಳಗೆ ಹೋಗಿ. ಯೆರೆಮೀಯ 8ರ 7ರಲ್ಲಿ ವಲಸೆ ಹಕ್ಕಿಗಳು ತಮ್ಮ ಕಾಲವನ್ನು ಬಲ್ಲವು. ಅದಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆ ತಕ್ಕದ್ದು. ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಅಲ್ಲಿರುತ್ತವೆ. ಈ ಕೆರೆ 2024ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಿದ ಜೌಗು ಪ್ರದೇಶ.

ಯೋಬ 38ಕ್ಕೆ, ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂದು ಕೇಳುವ ಭಾಗಕ್ಕೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ಹೇಳಿ ಮಾಡಿಸಿದಂತಿದೆ. ಜ್ವಾಲಾಮುಖಿಯ ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ವಯಸ್ಸು ಸುಮಾರು 8.8 ಕೋಟಿ ವರ್ಷ. ಅಡಿಬರಹದಲ್ಲಿ ಈ ಅಂಕಿ ಹಾಕಲು ಹಿಂಜರಿಯಬೇಡಿ, ಯೋಬನಿಗೆ ಕೇಳಿದ ಪ್ರಶ್ನೆ ಅದರಿಂದ ಇನ್ನೂ ಹರಿತವಾಗುತ್ತದೆ. ಮಳೆಗಾಲದಲ್ಲಿ ದೋಣಿ ಇಲ್ಲ. ಕಂಬಗಳ ಅಂಚು ಎದ್ದು ಕಾಣಲು ಓರೆ ಬಿಸಿಲು ಬೇಕು, ಹಾಗಾಗಿ ಮೊದಲ ದೋಣಿಗೇ ಹತ್ತಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ, ಡ್ರೋನ್ ಅಂತೂ ತರಲೇಬೇಡಿ. ಗೂಡುಗಳ ವಿಷಯದಲ್ಲಿ ಇನ್ನೂ ಎಚ್ಚರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಮರಿ ಕಾಣಲೆಂದು ಅಡ್ಡ ಬಂದ ಎಲೆ ಕಿತ್ತರೆ ಬಿಸಿಲಿಗೂ ಕಾಗೆಗೂ ದಾರಿ ಮಾಡಿಕೊಟ್ಟಂತೆ. ತಾಯಿಹಕ್ಕಿ ಗೂಡಿಗೆ ಬರದೆ ಪಕ್ಕದ ಕೊಂಬೆಯಲ್ಲೇ ಕೂತು ಕೂಗುತ್ತಿದ್ದರೆ ನೀವು ತೀರಾ ಹತ್ತಿರ ಬಂದಿದ್ದೀರಿ ಎಂದು ಅರ್ಥ, ಹಿಂದೆ ಸರಿಯಿರಿ.

ದೂರ ಹೋಗಲಾಗದವರು ನಿಮ್ಮ ಚರ್ಚಿನ ಮುಖಮಂಟಪದ ಸೂರು ನೋಡಿ. ಗುಬ್ಬಿಯೋ ಬಾನಾಡಿಯೋ ಗೂಡು ಕಟ್ಟಿದ್ದರೆ ಕೀರ್ತನೆ 84ರ 3ನೇ ವಚನಕ್ಕೆ ಚಿತ್ರ ಅಲ್ಲೇ ಸಿಕ್ಕಿತು: ದೇವರ ಬಲಿಪೀಠದ ಬಳಿ ಹಕ್ಕಿಗೂ ಮನೆ. ನೆಲದ ಮೇಲೇ ನಿಂತು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ.

3. ಇಪ್ಪತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ

ಕ್ರೈಸ್ತ ಮಠಗಳಲ್ಲಿ ‘ಲೆಕ್ಸಿಯೊ ದಿವೀನಾ’ ಎಂಬ ಹಳೆಯ ರೂಢಿ ಇದೆ, ವಚನವನ್ನು ಮೆಲುಕು ಹಾಕುತ್ತ ಓದುವ ಕ್ರಮ. 12ನೇ ಶತಮಾನದ ಸನ್ಯಾಸಿ ಎರಡನೇ ಗೀಗೊ ಅದಕ್ಕೆ ನಾಲ್ಕು ಮೆಟ್ಟಿಲು ಹೇಳಿದ: ಓದು, ಮನನ, ಪ್ರಾರ್ಥನೆ, ಧ್ಯಾನ. ಫೋಟೋಗೂ ಇದೇ ಕ್ರಮ ಒಗ್ಗುತ್ತದೆ. ಜಾಗ ತಲುಪಿದ ಮೇಲೆ ವಚನವನ್ನು ಒಮ್ಮೆ ಮೆಲ್ಲಗೆ ಓದಿ, ಕೂತುಬಿಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಗಾಳಿ ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತಿದೆ, ಹಕ್ಕಿ ಯಾವ ಕೊಂಬೆಗೆ ಮರಳಿ ಬರುತ್ತಿದೆ ಎಂದು ನೋಡಿ.

ಇದು ಭಕ್ತಿಯ ಮಾತಷ್ಟೇ ಅಲ್ಲ. ಮೀಂಚುಳ್ಳಿ, ಕಾಜಾಣದಂಥ ಹಕ್ಕಿಗಳು ಬೇಟೆಗೆ ಹಾರಿ ಅದೇ ಕೊಂಬೆಗೆ ಮರಳುತ್ತವೆ. ಇಪ್ಪತ್ತು ನಿಮಿಷ ಕೂತವರಿಗೆ ಆ ಕೊಂಬೆ ಗೊತ್ತಾಗುತ್ತದೆ. ಇಳಿದ ಕೂಡಲೇ ಕ್ಲಿಕ್ಕಿಸಲು ತೊಡಗಿದವರ ಕಾರ್ಡಿನಲ್ಲಿ ಹಾರಿಹೋಗುವ ಹಕ್ಕಿಯ ಬೆನ್ನು ನಾನ್ನೂರು ಸಲ ಇರುತ್ತದೆ. (ಮಳೆಗಾಲದ ಮಲೆನಾಡಾದರೆ ಕೂರುವ ಮುಂಚೆ ಇಂಬಳ ನೋಡಿಕೊಳ್ಳಿ. ಧ್ಯಾನ ಅಷ್ಟಕ್ಕೇ ಮುಗಿದೀತು.)

ಇನ್ನೊಂದು ಲಾಭ: ಎ.ಸಿ. ಕಾರಿನಿಂದ ತೇವದ ಗಾಳಿಗೆ ಬಂದ ಲೆನ್ಸ್ ಮಂಜಾಗುತ್ತದೆ. ಚೀಲ ಮುಚ್ಚಿಯೇ ಇಟ್ಟಿದ್ದರೆ ಈ ಹೊತ್ತಿನಲ್ಲಿ ಅದು ಹೊರಗಿನ ಬಿಸಿಗೆ ಹೊಂದಿಕೊಳ್ಳುತ್ತದೆ.

4. ಚಿತ್ರ ತೆಗೆಯುವುದು

*ಹೂವು.* ಮತ್ತಾಯ 6ರಲ್ಲಿ ಯೇಸು ತೋರಿಸುವುದು ಯಾರೂ ನೆಟ್ಟು ನೀರೆರೆಯದ ಹೂವನ್ನು, ಇವತ್ತು ಇದ್ದು ನಾಳೆ ಒಲೆಗೆ ಬೀಳುವ ಹುಲ್ಲನ್ನು. ಅದು ಯಾವ ಹೂವೆಂದು ಪಂಡಿತರಲ್ಲಿ ಒಮ್ಮತವಿಲ್ಲ, ಹಳೆಯ ಕನ್ನಡ ಅನುವಾದ ‘ಅಡವಿಯ ಹೂವು’ ಎಂದು ಜಾಣತನ ತೋರಿಸಿದೆ. ಹಾಗಿರುವಾಗ ಈ ವಚನಕ್ಕೆ ಅಂಗಡಿಯ ಗುಲಾಬಿ ಹಾಕಿದರೆ ಮಾತೇ ಕೆಟ್ಟಿತು. ತುಂಬೆ, ಮುಟ್ಟಿದರೆ ಮುನಿ, ಗರಿಕೆಯ ತೆನೆ ಹುಡುಕಿ.

ತುಂಬೆ ಮಳೆಗಾಲದಲ್ಲಿ ಬೇಲಿ ಬದಿಯಲ್ಲೆಲ್ಲ ಇರುತ್ತದೆ. ನೆಲಕ್ಕೆ ಗೋಣಿ ಹಾಸಿ ಮಲಗಿ. ಕ್ಯಾಮೆರಾ ಹೂವಿನ ಮಟ್ಟಕ್ಕೆ ಬರಬೇಕು. ಚೌಕನೆಯ ದಂಟಿನ ಸುತ್ತ ಹಸಿರು ಉಂಡೆ, ಉಂಡೆಯಿಂದ ಹೊರಗಿಣುಕುವ ಬಿಳಿ ಹೂ, ಅದರ ಮೇಲ್ತುಟಿಯ ತುಂಬ ಉಣ್ಣೆಯಂಥ ನವುರು ರೋಮ. ನಿಂತು ನೋಡಿದರೆ ಇದಾವುದೂ ಕಾಣುವುದಿಲ್ಲ. ಸೊಲೊಮೋನನಿಗೂ ಇಂಥ ಉಡುಪಿರಲಿಲ್ಲ ಎಂಬ ಮಾತು ಹಿಡಿಯಬೇಕಾದದ್ದು ಆ ರೋಮದಲ್ಲಿ.

ಮೊಬೈಲಿನಲ್ಲಾದರೆ ಲೆನ್ಸ್ ಒರೆಸಿ, ಹೂವಿನ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಇಲ್ಲವಾದರೆ ಬಿಳಿ ಹೂವು ಸುಣ್ಣ ಬಳಿದಂತಾಗುತ್ತದೆ. ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡಬೇಡಿ, ಅದು ಚಿತ್ರವನ್ನು ಕತ್ತರಿಸಿ ದೊಡ್ಡದು ಮಾಡುತ್ತದೆ ಅಷ್ಟೆ. ಕ್ಯಾಮೆರಾದಲ್ಲಾದರೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 8ರಲ್ಲಿರಲಿ. ಎಫ್ 2.8ರಂಥ ಅಗಲ ಕಿಂಡಿಯಲ್ಲಿ ಒಂದು ಎಸಳು ಸ್ಪಷ್ಟವಾಗಿ ಉಳಿದದ್ದೆಲ್ಲ ಮಬ್ಬಾಗುತ್ತದೆ. ಶಟರ್ (ಬೆಳಕು ಒಳಬರಲು ತೆರೆದಿರುವ ಹೊತ್ತು) 1/250 ಸೆಕೆಂಡ್‌ಗಿಂತ ನಿಧಾನವಾದರೆ ಗಾಳಿ ಕೆಡಿಸುತ್ತದೆ. ಬೆಳಿಗ್ಗೆ ಏಳರೊಳಗೆ ಇಬ್ಬನಿ ಸಿಗುತ್ತದೆ. ಸ್ಪ್ರೇ ಬಾಟಲಿಯಲ್ಲಿ ಇಬ್ಬನಿ ಮಾಡಬೇಡಿ.

*ಹಕ್ಕಿ.* ಹಾರುವ ಗರುಡಕ್ಕೆ ಶಟರ್ 1/2000, ಫೋಕಸ್ ನಿರಂತರ ಮೋಡ್‌ನಲ್ಲಿ, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ) ಆಟೋದಲ್ಲಿಟ್ಟು ಮಿತಿ 3200. ಯೆಶಾಯನ ಮಾತಿಗೆ ಬೇಕಿರುವುದು ರೆಕ್ಕೆ ಬಡಿಯುವ ಹಕ್ಕಿಯಲ್ಲ, ಬಡಿಯದೆ ಏರುವ ಹಕ್ಕಿ. ನೆಲ ಕಾದು ಬಿಸಿಗಾಳಿ ಮೇಲೇಳಲು ಶುರುವಾಗುವುದು ಒಂಬತ್ತು–ಹತ್ತು ಗಂಟೆಗೆ; ಆಗ ಗರುಡಗಳು ರೆಕ್ಕೆ ಚಾಚಿ, ಅಲುಗಿಸದೆ, ಸುತ್ತುತ್ತ ಮೇಲೆ ಹೋಗುತ್ತವೆ. ತಮ್ಮ ಬಲದಿಂದಲ್ಲ, ಕೆಳಗಿಂದ ಎತ್ತುವ ಗಾಳಿಯಿಂದ. ಫೋಟೋಗೆ ಆರು ಗಂಟೆಯ ಬೆಳಕೇ ಚೆಂದ ಎಂಬ ಪಾಠವನ್ನು ಇಲ್ಲಿ ಬದಿಗಿಡಿ.

ಬೆಳ್ಳಕ್ಕಿಯಂಥ ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ ಸ್ಕೇಲ್ (ಬೆಳಕು ಹೆಚ್ಚು–ಕಡಿಮೆ ಮಾಡುವ ಅಳತೆಪಟ್ಟಿ) ಮೈನಸ್ 0.7ರಿಂದ 1ಕ್ಕೆ ಇಳಿಸಿ. ಕಾಗೆಗೆ ಪ್ಲಸ್ 0.7. ಲೂಕ 12ರ 24ರಲ್ಲಿ ಯೇಸು ಹೆಸರಿಸಿದ್ದು ಕಾಗೆಯನ್ನೇ. ಪ್ರದರ್ಶನಗಳಲ್ಲಿ ಅದನ್ನು ಯಾರೂ ಹಾಕುವುದಿಲ್ಲ, ನೀವು ಹಾಕಿ. ಮಾಂಸ ಎಸೆದು ಕರೆಯುವುದು, ಮೊಬೈಲಿನಲ್ಲಿ ಕೂಗು ಕೇಳಿಸಿ ಕರೆಯುವುದು ಎರಡೂ ಬೇಡ. ಕೂಗು ಕೇಳಿದ ಗಂಡುಹಕ್ಕಿ ಇಲ್ಲದ ವೈರಿಯನ್ನು ಹುಡುಕುತ್ತ, ಮರಿಗೆ ಉಣಿಸಬೇಕಾದ ಹೊತ್ತನ್ನು ಕಳೆಯುತ್ತದೆ.

*ನೀರು.* ಜಲಪಾತ ರೇಷ್ಮೆಯಂತೆ ಬರಬೇಕೆಂದರೆ ಟ್ರೈಪಾಡ್, ಅರ್ಧ ಸೆಕೆಂಡ್ ಶಟರ್. ಬೆಳಕು ಹೆಚ್ಚಿದ್ದರೆ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿಗೆ ಹಾಕುವ ಕಪ್ಪು ಕನ್ನಡಕ. ಆದರೆ ಕೀರ್ತನೆಗಳಲ್ಲಿ ನೀರು ಬಹಳ ಸಲ ಗರ್ಜಿಸುತ್ತದೆ. ಗರ್ಜನೆಗೆ 1/1000.

*ರಾತ್ರಿ.* ಕೀರ್ತನೆ 8ರ ಚಂದ್ರನಿಗೆ ಸುಲಭ ಸೂತ್ರ: ಎಫ್ 11, ಐಎಸ್‌ಒ 100, ಶಟರ್ 1/100ರ ಆಸುಪಾಸು. ಹುಣ್ಣಿಮೆಯ ಚಂದ್ರನೆಂದರೆ ಬಿಸಿಲಲ್ಲಿರುವ ಬಂಡೆ. ಆಟೋದಲ್ಲಿ ತೆಗೆದರೆ ಬಿಳಿ ಬಿಲ್ಲೆಯಾಗುತ್ತದೆ. ನಕ್ಷತ್ರಗಳಿಗೆ ಅಮಾವಾಸ್ಯೆಯ ಹತ್ತಿರದ ರಾತ್ರಿ, ಎಫ್ 2.8, ಐಎಸ್‌ಒ 3200. ಎಷ್ಟು ಸೆಕೆಂಡ್ ಎಂಬುದಕ್ಕೆ 500ನ್ನು ಲೆನ್ಸಿನ ಮಿಲಿಮೀಟರ್‌ನಿಂದ ಭಾಗಿಸಿ. ಸೆನ್ಸರ್ ಚಿಕ್ಕದಿರುವ ಕ್ಯಾಮೆರಾದಲ್ಲಿ ಮೊದಲು ಆ ಮಿಲಿಮೀಟರನ್ನು 1.5ರಿಂದ ಗುಣಿಸಿಕೊಳ್ಳಿ. 18 ಮಿಲಿಮೀಟರ್ ಲೆನ್ಸಿಗೆ ಹೀಗೆ ಸುಮಾರು 18 ಸೆಕೆಂಡ್ ಬರುತ್ತದೆ. ಮೀರಿದರೆ ಭೂಮಿ ತಿರುಗಿದ್ದಕ್ಕೆ ಚುಕ್ಕಿಗಳು ಗೆರೆಗಳಾಗುತ್ತವೆ. ಯೋಬ 38ರ 31ರಲ್ಲಿ ಬರುವ ಕೃತ್ತಿಕೆಯ ಗೊಂಚಲು, ಪಕ್ಕದ ಮಹಾವ್ಯಾಧ ನಕ್ಷತ್ರಪುಂಜ (ಒರೈಯನ್) ಡಿಸೆಂಬರ್–ಜನವರಿಯ ಸಂಜೆಗಳಲ್ಲಿ ನೆತ್ತಿಯ ಕಡೆಗೆ ಏರುತ್ತಿರುತ್ತವೆ.

*ಬೀಜ.* ಮನೆಯಿಂದ ಹೊರಗೆ ಹೋಗಲಾಗದ ಹಿರಿಯರಿಗೆ ಇದನ್ನು ಒಪ್ಪಿಸಿ. ಯೋಹಾನ 12ರ 24: ಗೋಧಿಕಾಳು ಭೂಮಿಗೆ ಬಿದ್ದು ಸಾಯದಿದ್ದರೆ ಒಂದೇ ಆಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ. ಗಾಜಿನ ಲೋಟದ ಒಳಸುತ್ತಿಗೆ ಟಿಶ್ಯೂ ಕಾಗದ ಸುರುಳಿ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಒಂದು ರಾತ್ರಿ ನೆನೆಸಿದ ಐದಾರು ಗೋಧಿಕಾಳು ಸಿಕ್ಕಿಸಿ, ತಳದಲ್ಲಿ ಒಂದು ಬೆರಳು ನೀರು ನಿಲ್ಲಿಸಿ. ಲೋಟ, ಟ್ರೈಪಾಡ್ ಎರಡರ ಜಾಗಕ್ಕೂ ಚಾಕ್‌ನಿಂದ ಗುರುತು ಮಾಡಿ. ಕಿಟಕಿಗೆ ಬೆಣ್ಣೆ ಕಾಗದ ಅಂಟಿಸಿದರೆ ಬೆಳಕು ಹದವಾಗುತ್ತದೆ. ದಿನಾ ಒಂಬತ್ತು ಗಂಟೆಗೆ, ವೈಟ್ ಬ್ಯಾಲೆನ್ಸನ್ನು (ಬಣ್ಣದ ಹದ) ಆಟೋ ಬಿಟ್ಟು ಒಂದೇ ಕಡೆ ನಿಲ್ಲಿಸಿ ತೆಗೆಯಿರಿ; ಆಟೋದಲ್ಲಿದ್ದರೆ ಒಂದು ದಿನ ಹಳದಿ, ಒಂದು ದಿನ ನೀಲಿ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ನಾಲ್ಕನೇ ದಿನ ಬೂಸ್ಟು.

ಎಲ್ಲರೂ ಫೋಕಸ್ ಮಾಡುವುದು ಹಸಿರು ಮೊಳಕೆಗೆ. ವಚನ ಇರುವುದು ಕಾಳಿನ ಬಗ್ಗೆ. ಎರಡನೇ ದಿನ ಅದು ಉಬ್ಬುತ್ತದೆ, ಬೇರು ಬಿಡುತ್ತದೆ. ಆಮೇಲೆ ಮೊಳಕೆ ಮೇಲೇಳುತ್ತಿದ್ದಂತೆ ಕಾಳು ಸೊರಗುತ್ತ ಹೋಗುತ್ತದೆ, ಒಳಗಿನ ಹಿಟ್ಟೆಲ್ಲ ಸಸಿಗೆ ಹೋಗಿ ಹತ್ತು–ಹನ್ನೆರಡು ದಿನದ ಹೊತ್ತಿಗೆ ಒತ್ತಿದರೆ ಬರೀ ಸಿಪ್ಪೆ. ಆ ಸಿಪ್ಪೆಯೇ ನಿಮ್ಮ ಕೊನೆಯ ಚಿತ್ರ.

*ನೋವಿನ ಚಿತ್ರ.* ಕೀರ್ತನೆಗಳಲ್ಲಿ ಸ್ತುತಿಗಿಂತ ಪ್ರಲಾಪದ ಹಾಡುಗಳೇ ಹೆಚ್ಚು, ರೋಮಾಪುರದವರಿಗೆ 8ರ 22ರಲ್ಲಿ ಸೃಷ್ಟಿಯೆಲ್ಲ ನರಳುತ್ತಿದೆ. ಹನ್ನೆರಡಕ್ಕೆ ಹನ್ನೆರಡೂ ಸೂರ್ಯೋದಯವಾದರೆ ಅದು ಗ್ರೀಟಿಂಗ್ ಕಾರ್ಡ್ ಅಂಗಡಿ. ಅಲೆ ತಂದು ಹಾಕಿದ ಪ್ಲಾಸ್ಟಿಕ್ಕಿನ ಸಾಲು, ಬಿರಿದ ಕೆರೆ ತಳ, ಸುಟ್ಟ ಗುಡ್ಡ: ಹೂವಿಗೆ ಕೊಟ್ಟಷ್ಟೇ ಎಚ್ಚರದಿಂದ, ಅಷ್ಟೇ ಸ್ಪಷ್ಟವಾಗಿ ತೆಗೆಯಿರಿ. ಯಾರ ಮುಖವೂ, ಯಾವ ಅಂಗಡಿಯ ಹೆಸರೂ ಬರದಿರಲಿ. ನೋಡುವವರು ಬೇರೆಯವರನ್ನು ಬೈದು ಹಗುರಾಗಿಬಿಡುತ್ತಾರೆ.

5. ಆರಿಸುವುದು, ತಿದ್ದುವುದು

ತೆಗೆದ ದಿನವೇ ಆರಿಸಬೇಡಿ. ಪಟ್ಟ ಕಷ್ಟ ಕಣ್ಣಿಗೆ ಅಡ್ಡ ಬರುತ್ತದೆ. ವಾರ ಬಿಟ್ಟು, ಜೊತೆಗಿಲ್ಲದಿದ್ದ ಒಬ್ಬರನ್ನು ಕೂರಿಸಿಕೊಂಡು ನೋಡಿ. ಅಂಚು ಕತ್ತರಿಸುವುದು, ಬೆಳಕು ಮತ್ತು ಬಣ್ಣದ ಹದ, ಧೂಳಿನ ಚುಕ್ಕೆ ತೆಗೆಯುವುದು, ಇಷ್ಟು ತಿದ್ದಬಹುದು. ಆಕಾಶ ಬದಲಿಸುವುದು, ಮೋಡದಿಂದ ಕಿರಣ ಇಳಿಸುವುದು, ಇಲ್ಲದ ಹಕ್ಕಿ ಸೇರಿಸುವುದು, ಎಐನಿಂದ ಚಿತ್ರ ಮಾಡಿಸುವುದು ಬೇಡ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆ ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ಬಹುತೇಕ ಪ್ರೊಟೆಸ್ಟಂಟರ ಎಣಿಕೆಯಲ್ಲಿ ಒಂಬತ್ತನೆಯದು. ಆಜ್ಞೆ ಮಾತ್ರ ಒಂದೇ.

6. ಕನ್ನಡ ಅಕ್ಷರ ಕೂರಿಸುವುದು

ಹೆಚ್ಚು ಪ್ರದರ್ಶನಗಳು ಕೆಡುವುದು ಇಲ್ಲೇ. ಚಿತ್ರ ತಯಾರಿಸುವ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರಗಳು ಒಡೆಯುತ್ತವೆ. ಕ್ರಿಸ್ತನ ಹೆಸರೇ ‘ಕ್‌ರಿಸ್‌ತ’ ಎಂದು ಗೋಡೆಗೇರುತ್ತದೆ. ಕೆಲವು ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಫಾಂಟ್ ಬಳಸುತ್ತಾರೆ. ನಿಮ್ಮ ಯೂನಿಕೋಡ್ ಪಠ್ಯವನ್ನು ಅದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬಿಡುವುದುಂಟು. ಮನೆಯಲ್ಲೇ ನೋಟೊ ಸೆರಿಫ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ಬರೆದು, ಪಿಡಿಎಫ್ ಮಾಡಿ ಕೊಡಿ. ಅಂಗಡಿಯವರು ಅಕ್ಷರ ಮುಟ್ಟಬೇಕಾಗಿ ಬರಬಾರದು. ಅಕ್ಷರದ ಗಾತ್ರ ಕನಿಷ್ಠ 24 ಪಾಯಿಂಟ್, ಸಾಲುಗಳ ಅಂತರ ಒಂದೂವರೆ ಪಟ್ಟು. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ವಚನವನ್ನು ಚಿತ್ರದ ಮೇಲೆ ಬರೆಯಬೇಡಿ, ಕೆಳಗೆ ಬಿಳಿ ಪಟ್ಟಿ ಬಿಟ್ಟು ಅಲ್ಲಿ ಹಾಕಿ. ಪಟ್ಟಿಯ ಮೂಲೆಯಲ್ಲಿ ಜೀವಿಯ ಹೆಸರು, ಊರು, ತಿಂಗಳು. ಹನ್ನೆರಡಕ್ಕೂ ಒಂದೇ ಅನುವಾದ ಇರಲಿ. ಒಂದರಲ್ಲಿ ‘ಯೆಹೋವ’, ಇನ್ನೊಂದರಲ್ಲಿ ‘ಸರ್ವೇಶ್ವರ’ ಎಂದಾದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಮಂಗಳೂರಿನ ಕಡೆ ಕೊಂಕಣಿ ವಚನವನ್ನೂ ಕನ್ನಡ ಲಿಪಿಯಲ್ಲಿ ಜೊತೆಗೆ ಹಾಕಿದರೆ ಅಜ್ಜಿಯರು ನಿಂತು ಓದುತ್ತಾರೆ. ಕ್ಯಾಲೆಂಡರ್ ಮಾಡಿ ಮಾರುವುದಾದರೆ ಬೈಬಲ್ಲಿನ ಮೊದಲ ಪುಟಗಳಲ್ಲಿರುವ ಹಕ್ಕುಸ್ವಾಮ್ಯದ ಮಾಹಿತಿ ನೋಡಿ, ಪ್ರಕಾಶಕರಿಗೆ ಬರೆದು ಅನುಮತಿ ಪಡೆಯಿರಿ. ಅನುವಾದಕ್ಕೂ ಹಕ್ಕಿರುತ್ತದೆ.

7. ಪ್ರಿಂಟ್, ಗೋಡೆ

12×18 ಇಂಚು ಎಲ್ಲ ಲ್ಯಾಬ್‌ಗಳಲ್ಲೂ ಸಿಗುತ್ತದೆ. ಇಂಚಿಗೆ 300 ಚುಕ್ಕಿಯಂತೆ 3600×5400 ಪಿಕ್ಸೆಲ್ ಬೇಕು; ಒಂದು ಮಾರು ದೂರದಿಂದ ನೋಡುವುದಕ್ಕೆ 2400×3600 ಆದರೂ ನಡೆಯುತ್ತದೆ. ಮೊಬೈಲ್ ಚಿತ್ರದ ಅಳತೆ 4:3, ಈ ಕಾಗದದ್ದು 3:2. ಬಿಳಿ ಪಟ್ಟಿಯನ್ನೂ ಲೆಕ್ಕಕ್ಕೆ ಹಿಡಿದು ನೀವೇ ಕತ್ತರಿಸಿ ಕೊಡದಿದ್ದರೆ ಲ್ಯಾಬಿನವರು ಕೊಕ್ಕರೆಯ ತಲೆ ಕತ್ತರಿಸಿಯಾರು. ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ. ಇಲ್ಲವಾದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಮೊದಲು ಒಂದೇ ಒಂದು ಪ್ರಿಂಟ್ ಹಾಕಿಸಿ ನೋಡಿ, ಮೊಬೈಲ್ ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದದಲ್ಲಿ ಕಪ್ಪಾಗಿ ಬರುವುದು ಸಾಮಾನ್ಯ.

ಮ್ಯಾಟ್ ಕಾಗದವನ್ನೇ ಕೇಳಿ. ಹೊಳೆಯುವ ಕಾಗದದಲ್ಲಿ ಹಾಲಿನ ಟ್ಯೂಬ್‌ಲೈಟೇ ಕಾಣುತ್ತದೆ. 5 ಮಿಲಿಮೀಟರ್ ದಪ್ಪದ ಹಗುರ ಫೋಮ್ ಹಲಗೆಯಾದ ಸನ್‌ಬೋರ್ಡಿಗೆ ಅಂಟಿಸಿದರೆ ಮಳೆಗಾಲದ ತೇವಕ್ಕೆ ಸುರುಳಿಯಾಗುವುದಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿರಲಿ. ಭಾನುವಾರ ಶಾಲೆಯ ಮಕ್ಕಳಿಗೆಂದೇ ಎರಡು ಚಿತ್ರ ಒಂದು ಅಡಿ ಕೆಳಗೆ, ಅವುಗಳಲ್ಲಿ ಒಂದು ಬೀಜದ್ದು. ನೋವಿನ ಚಿತ್ರಗಳನ್ನು ಕೊನೆಗೆ ತಳ್ಳಬೇಡಿ, ಹೂವಿನ ಪಕ್ಕದಲ್ಲೇ ಹಾಕಿ. ಹೊರಗೋಡೆಗೆ ತಾಗಿದ ಭಾಗ ಸೆಪ್ಟೆಂಬರ್‌ನಲ್ಲಿ ಬೆವರುತ್ತದೆ, ಅಲ್ಲಿ ಡಬಲ್ ಟೇಪ್ ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಹಾಕಿ ಬೆಳಿಗ್ಗೆ ಆರಾಧನೆಗೆ ಮುಂಚೆ ನೆಲದಲ್ಲಿ ಬಿದ್ದದ್ದನ್ನು ಎತ್ತುವ ಬದಲು, ಅಡ್ಡ ಹಗ್ಗ ಕಟ್ಟಿ ಕ್ಲಿಪ್ಪಿನಲ್ಲಿ ತೂಗುಹಾಕಿ.